ಶುಶ್ರೂಷೆಯೂ ಯಂತ್ರಸಾಧನಗಳೂ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿನಿಯರನ್ನು ಆಹ್ವಾನಿಸಿದ್ದಾಗ ನಾವೂ ಹೋಗಿದ್ದೆವು. ಕಾರ್ಯಕ್ರಮವು ಮುಗಿದು ಉಪಾಹಾರದ ಹೊತ್ತಿನಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು, ನಾವು ದಾದಿಯರಿಗೆ ಪಾಠ ಹೇಳುವವರೆಂಬುದನ್ನು ಯಾರಿಂದಲೋ ತಿಳಿದು, ಸಂಕೋಚದಿಂದಲೇ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದಳು. “ಟೀಚರ್, ನನಗೆ ನರ್ಸಿಂಗ್ ಓದಬೇಕೆಂದು ಆಸೆ. ಆದರೆ ಈಗ ಆಸ್ಪತ್ರೆಯಲ್ಲಿ ಎಲ್ಲವನ್ನೂ ಮೆಷಿನ್ನೇ ನೋಡಿಕೊಳ್ಳುತ್ತದೆ, ಇನ್ನು ಸ್ವಲ್ಪ ದಿನಕ್ಕೆ ನರ್ಸುಗಳೇ ಬೇಡವಾಗುತ್ತಾರೆ ಎಂದು ನಮ್ಮ ಸೋದರಮಾವ ಹೇಳುತ್ತಾರೆ. ಹೌದೇ?” ಗದ್ದಲದ ನಡುವೆ ನಾವು “ಹಾಗೇನೂ ಇಲ್ಲಮ್ಮ, ಓದು” ಎಂದು ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕಳುಹಿಸಿದೆವು. ಆ ಉತ್ತರವು ಆಕೆಯ ಪ್ರಶ್ನೆಗೆ ತಕ್ಕುದಾಗಿರಲಿಲ್ಲವೆಂಬ ಕೊರಗು ನಮ್ಮಲ್ಲಿ ಉಳಿದಿತ್ತು. ಸಂಪಾದಕರು ಈ ಸಂಚಿಕೆಗೆ ಲೇಖನವನ್ನು ಕೇಳಿದುದರಿಂದ, ಅಂದು ಹೇಳಬೇಕಾಗಿದ್ದುದನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇವೆ.

ಶುಶ್ರೂಷೆಗೂ ಯಂತ್ರಕ್ಕೂ ನಂಟು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆಲ್ಲರಿಗೂ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸಾಗುವ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಆದರೆ ಕ್ರಿಮಿಯಾ ಯುದ್ಧಭೂಮಿಗೆ ಹೋಗುವುದಕ್ಕೆ ಮುಂಚೆ, ೧೮೫೩ರಲ್ಲಿ, ಲಂಡನ್ನಿನ ಅಪ್ಪರ್ ಹಾರ್ಲಿ ಬೀದಿಯಲ್ಲಿದ್ದ ಸಣ್ಣದೊಂದು ಸ್ತ್ರೀಯರ ಚಿಕಿತ್ಸಾಲಯದ ಮೇಲ್ವಿಚಾರಣೆಯನ್ನು ಆಕೆ ವಹಿಸಿಕೊಂಡಳು. ಆ ಸಂದರ್ಭದಲ್ಲಿ ಆಡಳಿತ ಸಮಿತಿಯ ಲೇಡಿ ಕ್ಯಾನಿಂಗ್‌ಗೆ (೧೮೫೬ರಲ್ಲಿ ಗವರ್ನರ್ ಜನರಲರ ಪತ್ನಿಯಾಗಿ ನಮ್ಮ ದೇಶಕ್ಕೆ ಬಂದವಳು ಈಕೆಯೇ) ಬರೆದ ಕಾಗದದಲ್ಲಿ ಆಕೆಯು ಕೇಳಿದುದು ಕೊಳವೆಗಳನ್ನೂ ರಾಟೆಗಳನ್ನೂ. ಪ್ರತಿ ಅಂತಸ್ತಿಗೂ ಬಿಸಿನೀರು ಕೊಳವೆಯ ಮೂಲಕ ಬರಬೇಕು. ರೋಗಿಗಳ ಊಟವನ್ನು ಮೇಲಕ್ಕೆತ್ತಲು ರಾಟೆಯ ಏರ್ಪಾಡು ಇರಬೇಕು. ರೋಗಿಯು ಗಂಟೆಯನ್ನು ಬಾರಿಸಿದರೆ ಅದು ಆ ಅಂತಸ್ತಿನ ದಾದಿಯ ಬಾಗಿಲ ಹೊರಗೇ ಬಾರಿಸಬೇಕು, ಮತ್ತು ಕರೆದವರು ಯಾರೆಂದು ತೋರಿಸುವ ಸಣ್ಣ ಮುಚ್ಚಳವೊಂದು ತೆರೆದುಕೊಂಡು ಹಾಗೆಯೇ ನಿಲ್ಲಬೇಕು. ಇವಿಲ್ಲದಿದ್ದರೆ ದಾದಿಯು ಮಹಡಿ ಹತ್ತಿ ಇಳಿಯುವ ಒಂದು ಜೊತೆ ಕಾಲುಗಳಾಗಿಬಿಡುವಳೆಂಬುದು ಆಕೆಯ ವಾದ.

ಈ ವಾದದಲ್ಲಿ ನಮಗೆ ಒಂದು ಒರೆಗಲ್ಲು ದೊರೆಯುತ್ತದೆ. ಯಂತ್ರವು ದಾದಿಯನ್ನು ಮಹಡಿಯ ಮೆಟ್ಟಿಲಿನಿಂದ ಬಿಡಿಸಿ ರೋಗಿಯ ಹಾಸಿಗೆಯ ಬಳಿಗೆ ತಂದು ನಿಲ್ಲಿಸಬೇಕು. ಹಾಗೆ ಮಾಡಿದರೆ ಅದು ಉಪಕಾರಿ. ಹಾಸಿಗೆಯ ಬಳಿಯಿಂದ ಆಕೆಯನ್ನು ಎಬ್ಬಿಸಿ ತನ್ನ ಸೇವೆಗೇ ನಿಲ್ಲಿಸಿಕೊಂಡರೆ, ಅದೆಷ್ಟೇ ಬೆಲೆಯುಳ್ಳದಾಗಿದ್ದರೂ ರೋಗಿಗೆ ಅದರಿಂದ ಲಾಭವು ಕಡಮೆ. ಮುಂದೆ ಹೇಳುವ ಉಪಕರಣಗಳನ್ನೆಲ್ಲ ಈ ಒರೆಗಲ್ಲಿಗೆ ಉಜ್ಜಿ ನೋಡುವುದೇ ನಮ್ಮ ಉದ್ದೇಶ.

ಮೊದಲು ಎಲ್ಲರ ಮನೆಯಲ್ಲಿಯೂ ಇರುವ ಥರ್ಮಾಮೀಟರನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದು ಸುಮಾರು ಒಂದಡಿ ಉದ್ದದ ಗಾಜಿನ ಕೊಳವೆಯಾಗಿದ್ದು, ಜ್ವರವನ್ನು ತೋರಿಸಲು ಇಪ್ಪತ್ತು ನಿಮಿಷಗಳಷ್ಟು ಕಾಲ ಬೇಕಾಗುತ್ತಿತ್ತು. ೧೮೬೬-೬೭ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್ಬಟ್ ಎಂಬ ವೈದ್ಯನು ಅದನ್ನು ಆರು ಅಂಗುಲಕ್ಕೆ ಇಳಿಸಿ ಐದು ನಿಮಿಷಗಳಲ್ಲಿ ಫಲ ಕೊಡುವಂತೆ ಮಾಡಿದನು. ಅಲ್ಲಿಯವರೆಗೆ ವೈದ್ಯರ ವಸ್ತುವಾಗಿದ್ದುದು ಕ್ರಮೇಣ ದಾದಿಯ ಕೈಗೆ ಬಂದಿತು. ರಕ್ತದೊತ್ತಡವನ್ನು ಅಳೆಯುವ ಪಟ್ಟಿಯ ಕಥೆಯೂ ಹೀಗೆಯೇ. ಯಂತ್ರಗಳು ಬಂದಂತೆಲ್ಲ ದಾದಿಯ ಕೆಲಸವು ಕಡಮೆಯಾಗಲಿಲ್ಲ. ಆಕೆಯು ತಿಳಿದಿರಬೇಕಾದುದು ಹೆಚ್ಚಿತು. ಬಾಲಕಿಯ ಮಾವನವರು ಈ ಇತಿಹಾಸವನ್ನು ನೋಡಿದ್ದರೆ ಅಷ್ಟು ಖಂಡಿತವಾಗಿ ಮಾತನಾಡುತ್ತಿರಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗಕ್ಕೆ ಬರೋಣ. ಹೆರಿಗೆಯ ಹೊತ್ತಿನಲ್ಲಿ ತಾಯಂದಿರ ಪ್ರಾಣವನ್ನು ತೆಗೆಯುವ ಕಾರಣಗಳಲ್ಲಿ ಮುಖ್ಯವಾದವು ಮೂರು: ರಕ್ತಸ್ರಾವ, ರಕ್ತದೊತ್ತಡವೇರಿ ಸೆಳವು ಬರುವ ರೋಗ, ಮತ್ತು ನಂಜೇರಿದ ಜ್ವರ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಸಹಜವಾಗಿಯೇ ಹೆಚ್ಚಿರುತ್ತದೆ. ಆದುದರಿಂದ ಬಾಣಂತಿಗೆ ರಕ್ತವು ಬಹಳವಾಗಿ ಹೋಗುತ್ತಿದ್ದರೂ ಒತ್ತಡವು ಕೂಡಲೇ ಇಳಿಯುವುದಿಲ್ಲ. ಮೊದಲು ನಾಡಿಯ ವೇಗವು ಏರುತ್ತದೆ. ನಾಡಿ ೧೧೦, ಮೇಲಿನ ಒತ್ತಡ ೧೦೦ ಎಂದು ಬರೆದಿರುವುದನ್ನು ನೋಡಿದರೆ, ಒಂದೊಂದನ್ನೇ ತೆಗೆದುಕೊಂಡಾಗ ಯಾವುದೂ ಅಷ್ಟು ಭಯ ಹುಟ್ಟಿಸುವುದಿಲ್ಲ. ಹೆರಿಗೆಯಾದ ಆಯಾಸ, ಎಂದು ಸುಮ್ಮನಾಗುವವರೂ ಉಂಟು. ಆದರೆ ನಾಡಿಯನ್ನು ಮೇಲಿನ ಒತ್ತಡದಿಂದ ಭಾಗಿಸಿದರೆ ೧.೧ ಬರುತ್ತದೆ. ಈ ಭಾಗಲಬ್ಧವು ೦.೯ನ್ನು ಮುಟ್ಟಿದಾಗಲೇ ಎಚ್ಚರಗೊಳ್ಳಬೇಕು, ೧.೭ನ್ನು ಮುಟ್ಟಿದರೆ ತಾಯಿಯ ಪ್ರಾಣವು ಗಂಡಾಂತರದಲ್ಲಿದೆಯೆಂದೇ ತಿಳಿಯಬೇಕು.

ನಾಲ್ಕು ಹೆರಿಗೆಗಳು ಒಟ್ಟಿಗೆ ನಡೆಯುವ ರಾತ್ರಿಯಲ್ಲಿ ಒಬ್ಬಳೇ ದಾದಿಯು ಈ ಭಾಗಾಕಾರವನ್ನು ಮಾಡುತ್ತ ಕೂರಲು ಸಾಧ್ಯವೇ? ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮೈಕ್ರೋಲೈಫ್ ಎಂಬ ಸಂಸ್ಥೆಯೊಡನೆ ಸೇರಿ ಸಿದ್ಧಪಡಿಸಿದ ‘ಕ್ರೇಡಲ್’ ಎಂಬ ಒತ್ತಡಮಾಪಕವು ಆ ಲೆಕ್ಕವನ್ನು ತಾನೇ ಮಾಡಿ, ರಸ್ತೆಯ ದೀಪಗಳಂತೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಫಲವನ್ನು ತೋರಿಸುತ್ತದೆ. ಒತ್ತಡವು ೧೪೦/೯೦ಕ್ಕೆ ಏರಿದರೆ ಹಳದಿ, ೧೬೦/೧೧೦ಕ್ಕೆ ಏರಿದರೆ ಕೆಂಪು. ಮೊಬೈಲ್ ಫೋನಿನ ಚಾರ್ಜರಿನಿಂದಲೇ ಅದಕ್ಕೆ ವಿದ್ಯುತ್ತನ್ನು ತುಂಬಬಹುದು. ೨೦೧೬ರ ಏಪ್ರಿಲ್‌ನಿಂದ ೨೦೧೭ರ ನವೆಂಬರ್‌ವರೆಗೆ ಆಫ್ರಿಕದ ಹಲವು ದೇಶಗಳು, ಹೈತಿ ಮತ್ತು ಭಾರತದ ಒಟ್ಟು ಹತ್ತು ಪ್ರದೇಶಗಳಲ್ಲಿ ಇದನ್ನು ಪರೀಕ್ಷಿಸಿದರು. ಅವುಗಳಲ್ಲಿ ಒಂದು, ಜಲಪಾತಕ್ಕೆ ಹೆಸರಾದ ನಮ್ಮ ಗೋಕಾಕ. ಐದು ಲಕ್ಷದ ಮೂವತ್ತಾರು ಸಾವಿರಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕವನ್ನು ಆ ಹತ್ತೂ ಪ್ರದೇಶಗಳಲ್ಲಿ ಒಟ್ಟಾಗಿ ಇಟ್ಟರು.

ಫಲವೇನಾಯಿತೆಂದು ವಾಚಕರು ಕೇಳುವುದು ಸಹಜ. ಸೆಳವು, ತುರ್ತಾಗಿ ಗರ್ಭಕೋಶವನ್ನು ತೆಗೆಯುವುದು, ತಾಯಿಯ ಮರಣ, ಈ ಮೂರನ್ನೂ ಕೂಡಿಸಿದಾಗ ಹತ್ತು ಸಾವಿರ ಹೆರಿಗೆಗಳಿಗೆ ಸುಮಾರು ೭೯ ಇದ್ದುದು ಸುಮಾರು ೭೩ಕ್ಕೆ ಇಳಿಯಿತು. ಆದರೆ ೨೦೧೯ರಲ್ಲಿ ಫಲವನ್ನು ಪ್ರಕಟಿಸಿದ ವಿದ್ವಾಂಸರು ಪ್ರಾಮಾಣಿಕರು. ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಈ ಸಂಖ್ಯೆಗಳು ಬಹಳವಾಗಿ ಏರಿಳಿಯುತ್ತಿದ್ದುದರಿಂದ, ಆ ಇಳಿತವು ಉಪಕರಣದಿಂದಲೇ ಆಯಿತೆಂದು ಖಂಡಿತವಾಗಿ ಹೇಳಲಾಗದೆಂದು ಅವರೇ ಒಪ್ಪಿಕೊಂಡರು. ಇದನ್ನು ಸೋಲೆಂದು ನಾವು ಭಾವಿಸುವುದಿಲ್ಲ. ಕೆಂಪು ದೀಪವು ಹೊತ್ತಿದ ಮೇಲೆ ಆ ತಾಯಿಗೆ ರಕ್ತವು ಬೇಕು, ವಾಹನವು ಬೇಕು, ವೈದ್ಯರು ಬೇಕು, ಅವರು ಬರುವವರೆಗೆ ಗರ್ಭಕೋಶವನ್ನು ಹೊರಗಿನಿಂದ ಉಜ್ಜಿ ಸಂಕುಚಿಸುವಂತೆ ಮಾಡುವ ಕೈ ಬೇಕು. ದೀಪವು ಕರೆಯುವುದೇ ಹೊರತು ಬರುವುದಿಲ್ಲ. ಅದು ದಾದಿಯನ್ನು ಸರಿಯಾದ ಹಾಸಿಗೆಗೆ ಸರಿಯಾದ ಹೊತ್ತಿನಲ್ಲಿ ಕರೆಯುತ್ತದೆಯಾದುದರಿಂದ ನಮ್ಮ ಒರೆಗಲ್ಲಿನಲ್ಲಿ ಅದಕ್ಕೆ ಒಳ್ಳೆಯ ಬೆಲೆಯೇ ಸಿಗುತ್ತದೆ.

ಮುಂದಿನದು ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು. ೨೦೨೦ ಮತ್ತು ೨೦೨೧ರ ಕೊರೋನಾ ಪಿಡುಗಿನ ಕಾಲದಲ್ಲಿ ಇದು ಆಸ್ಪತ್ರೆಯನ್ನು ಬಿಟ್ಟು ಮನೆಮನೆಯನ್ನು ಹೊಕ್ಕಿತು. ಆಶಾ ಕಾರ್ಯಕರ್ತೆಯರು ಇದನ್ನು ಚೀಲದಲ್ಲಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ನಡೆದುದನ್ನು ನಮ್ಮ ಬಾಲಕಿಯರೂ ಕಂಡಿದ್ದಾರೆ. ಉಪಕರಣವು ಚಿಕ್ಕದಾದರೂ ಅದರ ಹಿಂದಿನ ಬುದ್ಧಿಯು ದೊಡ್ಡದು. ಪ್ರಾಣವಾಯುವನ್ನು ಹೊತ್ತ ರಕ್ತವು ಕೆಂಪಗೂ, ಅದನ್ನು ಕಳೆದುಕೊಂಡ ರಕ್ತವು ಕಪ್ಪುಗೆಂಪಾಗಿಯೂ ಇರುತ್ತದೆ. ಬೆರಳಿನ ಒಂದು ಕಡೆಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಹಾಯಿಸಿ, ಇನ್ನೊಂದು ಕಡೆ ಎಷ್ಟೆಷ್ಟು ಹೊರಬಂದಿತೆಂದು ಅಳೆದರೆ ರಕ್ತದ ಬಣ್ಣವು ತಿಳಿಯುತ್ತದೆ. ಆದರೆ ಬೆರಳಿನಲ್ಲಿ ಚರ್ಮ, ಮಾಂಸ, ಮೂಳೆಗಳೂ ಬೆಳಕನ್ನು ಹೀರುತ್ತವಲ್ಲ? ಜಪಾನಿನ ತಕುವೊ ಅಯೊಯಾಗಿ ಎಂಬ ಇಂಜಿನಿಯರನು ೧೯೭೪ರ ಹೊತ್ತಿಗೆ ಇದಕ್ಕೆ ಉಪಾಯವನ್ನು ಕಂಡುಹಿಡಿದನು. ಚರ್ಮ ಮೂಳೆಗಳು ನಿಶ್ಚಲವಾಗಿರುತ್ತವೆ. ಧಮನಿಯ ರಕ್ತವು ಮಾತ್ರ ನಾಡಿಯೊಡನೆ ಮಿಡಿಯುತ್ತದೆ. ಮಿಡಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸಾಕು.

ಇದರ ಉಪಕಾರವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಪಿಡುಗಿನಲ್ಲಿ ಕೆಲವು ರೋಗಿಗಳು ಎದ್ದು ಕುಳಿತು, ನಗುನಗುತ್ತ ಮಾತನಾಡುತ್ತಿರುವಾಗಲೇ ರಕ್ತದಲ್ಲಿ ಪ್ರಾಣವಾಯುವು ಬಹಳ ಕೆಳಗೆ ಇಳಿದಿರುತ್ತಿತ್ತು. ಏದುಸಿರು ಇಲ್ಲ, ಸಂಕಟವಿಲ್ಲ. ಎಷ್ಟೇ ಪಳಗಿದ ಕಣ್ಣಿಗೂ ಅದು ಗೊತ್ತಾಗುವುದು ಕಷ್ಟ. ಬೆರಳಿನ ತುದಿಯ ಆ ಸಣ್ಣ ಪೆಟ್ಟಿಗೆಯು ೯೪ಕ್ಕಿಂತ ಕೆಳಗಿನ ಅಂಕೆಯನ್ನು ತೋರಿಸಿ, ಸಕಾಲದಲ್ಲಿ ಎಷ್ಟೋ ಜನರನ್ನು ಆಸ್ಪತ್ರೆಗೆ ಕಳುಹಿಸಿತು.

ಹಾಗೆಂದು ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಉಗುರಿಗೆ ಗಾಢವಾದ ಬಣ್ಣವನ್ನು ಹಚ್ಚಿದ್ದರೆ, ಬೆರಳು ತಣ್ಣಗಾಗಿದ್ದರೆ, ಕೈ ನಡುಗುತ್ತಿದ್ದರೆ ಅಂಕೆಯು ತಪ್ಪಾಗಬಹುದು. (ಮದುವೆಯ ಮನೆಯಿಂದ ಬಂದ ಹೆಣ್ಣುಮಕ್ಕಳ ಉಗುರಿನ ಬಣ್ಣವನ್ನು ಒರೆಸುವಾಗ ಅವರು ನಮ್ಮನ್ನು ನೋಡುವ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.) ಇದಕ್ಕಿಂತ ಭಯಂಕರವಾದುದು ಇನ್ನೊಂದು. ಚಳಿಗೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗಿದವರನ್ನು ಆಸ್ಪತ್ರೆಗೆ ಹೊತ್ತು ತರುತ್ತಾರೆ. ಇದ್ದಲಿನ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವು ರಕ್ತಕ್ಕೆ ಅಂಟಿಕೊಂಡಾಗ ಆ ರಕ್ತವೂ ಕೆಂಪಗೇ ಕಾಣುತ್ತದೆ. ಆಕ್ಸಿಮೀಟರಿನ ಬೆಳಕಿಗೆ ಎರಡರ ಭೇದವು ತಿಳಿಯದು. ರೋಗಿಯು ಉಸಿರುಗಟ್ಟಿ ಸಾಯುತ್ತಿರುವಾಗ ಅದು ೯೮ ಎಂದು ಸಮಾಧಾನ ಹೇಳುತ್ತಿರುತ್ತದೆ. ಇಂತಹ ಸಮಯದಲ್ಲಿ ರೋಗಿಯನ್ನು ಉಳಿಸುವುದು, “ರಾತ್ರಿ ಕೋಣೆಯಲ್ಲಿ ಕೆಂಡ ಇಟ್ಟಿದ್ದಿರೇನಮ್ಮ?” ಎಂದು ಮನೆಯವರನ್ನು ಕೇಳುವ ದಾದಿಯ ಪ್ರಶ್ನೆ.

ಮತ್ತೊಂದು ದೋಷವಂತೂ ನಮ್ಮಂಥವರು ಕಡ್ಡಾಯವಾಗಿ ತಿಳಿದಿರಬೇಕಾದುದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯರು ೨೦೨೦ರ ಡಿಸೆಂಬರಿನಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಆಕ್ಸಿಮೀಟರು ೯೨ರಿಂದ ೯೬ರ ನಡುವೆ ತೋರಿಸುತ್ತಿದ್ದಾಗ, ಧಮನಿಯಿಂದ ರಕ್ತವನ್ನು ತೆಗೆದು ಪರೀಕ್ಷಿಸಿದರೆ ನಿಜವಾಗಿ ೮೮ಕ್ಕಿಂತ ಕೆಳಗೆ ಇದ್ದವರು ಬಿಳಿಯರಲ್ಲಿ ನೂರಕ್ಕೆ ೩.೬, ಕಪ್ಪು ಜನರಲ್ಲಿ ನೂರಕ್ಕೆ ೧೧.೭. ಬಿಳಿಯ ಚರ್ಮದವರೇ ಹೆಚ್ಚಾಗಿದ್ದ ಜನರ ಮೇಲೆ ಅಳೆದು ಹೊಂದಿಸಿದ ಉಪಕರಣವು ಕಪ್ಪು ಚರ್ಮದವರಲ್ಲಿ ಸುಳ್ಳು ಧೈರ್ಯವನ್ನು ಹೇಳುತ್ತಿತ್ತು. ಅವರು ಪರೀಕ್ಷಿಸಿದುದು ನಮ್ಮ ದೇಶದ ಜನರನ್ನಲ್ಲವೆಂಬುದು ದಿಟ. ಆದರೂ ಬಿಸಿಲಿನಲ್ಲಿ ದುಡಿದು ಕಪ್ಪಾದ ಕೂಲಿಯವನ ಬೆರಳಿಗೆ ಅದನ್ನು ಕಚ್ಚಿಸುವಾಗ, ಅಂಕೆಯು ಚೆನ್ನಾಗಿದೆಯೆಂದು ನಾವು ಬೆನ್ನು ತಿರುಗಿಸಬಾರದು. ತುಟಿಯ ಬಣ್ಣವೇನು, ಉಸಿರೆಷ್ಟು, ಮಾತು ತಡವರಿಸುತ್ತದೆಯೇ ಎಂದು ನೋಡಿಯೇ ಮುಂದೆ ಹೋಗಬೇಕು. ಯಾರನ್ನು ಮುಂದಿಟ್ಟುಕೊಂಡು ಉಪಕರಣವನ್ನು ಮಾಡಿದರೆಂಬ ಪ್ರಶ್ನೆಯನ್ನು ಕೇಳುವ ಹಕ್ಕು ಅದನ್ನು ಉಪಯೋಗಿಸುವವರಿಗೆಲ್ಲ ಇದೆ.

ಇನ್ನು ಔಷಧಿಯನ್ನು ನಾಳಕ್ಕೆ ಏರಿಸುವ ವಿಚಾರ. ಸಲೈನ್ ಬಾಟಲಿಯನ್ನು ಕಂಬಕ್ಕೆ ತೂಗುಹಾಕಿ, ಕೊಳವೆಯ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಗಡಿಯಾರವನ್ನು ನೋಡುತ್ತ ಹನಿಗಳನ್ನು ಎಣಿಸುವುದು ಹಳೆಯ ಕ್ರಮ. ಸಾಮಾನ್ಯ ಕೊಳವೆಯಲ್ಲಿ ೨೦ ಹನಿಗಳಿಗೆ ಒಂದು ಮಿಲಿಲೀಟರು. ೫೦೦ ಮಿಲಿಲೀಟರನ್ನು ನಾಲ್ಕು ಗಂಟೆಗಳಲ್ಲಿ ಏರಿಸಬೇಕಾದರೆ ನಿಮಿಷಕ್ಕೆ ಸುಮಾರು ೪೨ ಹನಿಗಳು. ರೋಗಿಯು ಕೈಯನ್ನು ಮಡಚಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಇನ್ಫ್ಯೂಷನ್ ಪಂಪು ಈ ಎಣಿಕೆಯಿಂದ ನಮ್ಮನ್ನು ಬಿಡಿಸಿತು. ಗಂಟೆಗೆ ಇಷ್ಟೆಂದು ಅಂಕೆಯನ್ನು ಒತ್ತಿದರೆ ಅದು ಹಾಗೆಯೇ ನಡೆಸಿಕೊಡುತ್ತದೆ. ಆದರೆ ಯಂತ್ರದ ವಿಧೇಯತೆಗೆ ವಿವೇಕವಿಲ್ಲ. ೧.೦ ಎಂದು ಒತ್ತಬೇಕಾದಲ್ಲಿ ನಡುವಿನ ಚುಕ್ಕಿಯು ತಪ್ಪಿ ೧೦ ಎಂದಾದರೆ, ಹತ್ತು ಪಾಲು ಔಷಧಿಯನ್ನು ಅಷ್ಟೇ ನಿಷ್ಠೆಯಿಂದ ಏರಿಸುತ್ತದೆ.

ಮಲೆನಾಡಿನ ಸಣ್ಣ ಆಸ್ಪತ್ರೆಯೊಂದರಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಆಷಾಢದ ಮಳೆ, ರಾತ್ರಿ ಒಂದು ಗಂಟೆಯ ಸಮಯ. ತುಂಬ ರಕ್ತ ಹೋಗಿ ನಿತ್ರಾಣಳಾಗಿದ್ದ ಬಾಣಂತಿಯೊಬ್ಬಳಿಗೆ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧಿಯು ಪಂಪಿನಿಂದ ಹೋಗುತ್ತಿತ್ತು. ವಿದ್ಯುತ್ತು ನಿಂತಿತು. ಜನರೇಟರು ಕೆಮ್ಮಿತೇ ಹೊರತು ಹತ್ತಲಿಲ್ಲ. ಪಂಪಿನ ಬ್ಯಾಟರಿಯಾದರೂ ಗಂಟೆಗಟ್ಟಲೆ ನಡೆಯಬೇಕಾದುದು, ಹಳೆಯದಾಗಿ, ಯಾರೂ ಪರೀಕ್ಷಿಸದೆ, ಕೆಲವೇ ನಿಮಿಷಗಳಲ್ಲಿ ಆರಿಹೋಯಿತು. ನಮ್ಮ ಜೊತೆಗಿದ್ದ ತರುಣಿಯು ಓದಿನಲ್ಲಿ ಬಹಳ ಜಾಣೆ. ಆದರೆ ಆಕೆಯು ಕೈಯಿಂದ ಹನಿಯನ್ನು ಎಂದೂ ಹೊಂದಿಸಿದವಳಲ್ಲ. ಪಂಪಿನ ಕಪ್ಪಾದ ಮುಖವನ್ನೇ ನೋಡುತ್ತ ನಿಂತುಬಿಟ್ಟಳು. ನಾವು ಸಣ್ಣ ಹನಿಯ ಕೊಳವೆಯನ್ನು ತೆಗೆದುಕೊಂಡೆವು. ಅದರಲ್ಲಿ ಒಂದು ಅನುಕೂಲವುಂಟು: ೬೦ ಹನಿಗಳಿಗೆ ಒಂದು ಮಿಲಿಲೀಟರಾದುದರಿಂದ, ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿಗಳು. ಗಂಟೆಗೆ ೧೨ ಇದ್ದುದರಿಂದ ನಿಮಿಷಕ್ಕೆ ೧೨. ಎಂದರೆ ಐದು ಸೆಕೆಂಡಿಗೆ ಒಂದು ಹನಿ. ಬಾಣಂತಿಯ ತಾಯಿಯು ಮೊಬೈಲಿನ ಬೆಳಕನ್ನು ಹಿಡಿದುಕೊಂಡರು. ಆ ತರುಣಿಯು ಒಂದು ಕೈಯಿಂದ ರೋಗಿಯ ನಾಡಿಯನ್ನು ಹಿಡಿದು, ಇನ್ನೊಂದು ಕೈಯನ್ನು ಕೊಳವೆಯ ಚಕ್ರದ ಮೇಲಿಟ್ಟು, ನಲವತ್ತು ನಿಮಿಷಗಳ ಕಾಲ ಅಲುಗಾಡದೆ ಹನಿಗಳನ್ನು ಎಣಿಸಿದಳು. ಬಾಣಂತಿಯು ಒಂಬತ್ತನೆಯ ದಿನ ಮಗುವಿನೊಡನೆ ಮನೆಗೆ ಹೋದಳು. ಮರುದಿನವೇ ಎಲ್ಲ ಪಂಪುಗಳ ಬ್ಯಾಟರಿಗಳನ್ನೂ ಪರೀಕ್ಷಿಸುವಂತೆ ಆಜ್ಞೆಯಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಔಷಧಿಯ ವಿಚಾರದಲ್ಲಿಯೇ, ದಾದಿಯೊಬ್ಬಳ ಬುದ್ಧಿಯಿಂದ ಹುಟ್ಟಿದ ಏರ್ಪಾಡೊಂದನ್ನು ಹೇಳದಿದ್ದರೆ ತಪ್ಪಾದೀತು. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಟೊಪೀಕಾ ನಗರದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯ ದಾದಿಯಾಗಿದ್ದ ಸೂ ಕಿನಿಕ್ ಎಂಬಾಕೆಯು, ೧೯೯೦ರ ದಶಕದ ಆರಂಭದಲ್ಲಿ, ಬಾಡಿಗೆಯ ಕಾರನ್ನು ಹಿಂದಿರುಗಿಸುವಾಗ, ಅಲ್ಲಿಯ ಕೆಲಸಗಾರನು ಕೈಯಲ್ಲಿ ಹಿಡಿದ ಯಂತ್ರದಿಂದ ಕಾರಿನ ಪಟ್ಟೆಗುರುತನ್ನು ಓದಿಸಿ ಲೆಕ್ಕವನ್ನು ಮುಗಿಸಿದುದನ್ನು ನೋಡಿದಳು. ಕಾರಿಗೆ ಇಷ್ಟು ಎಚ್ಚರವಿರುವಾಗ ರೋಗಿಗೆ ಕೊಡುವ ಔಷಧಿಗೆ ಏಕಿರಬಾರದು? ರೋಗಿಯ ಮಣಿಕಟ್ಟಿನ ಪಟ್ಟಿಯನ್ನೂ ಔಷಧಿಯ ಪೊಟ್ಟಣವನ್ನೂ ಓದಿಸಿ, ಎರಡೂ ತಾಳೆಯಾದರೆ ಮಾತ್ರ ಕೊಡುವ ಕ್ರಮವು ಹೀಗೆ ಆ ಆಸ್ಪತ್ರೆಯಿಂದ ಹಬ್ಬಿತು. ೨೦೧೦ರಲ್ಲಿ ಬಾಸ್ಟನ್ ನಗರದ ದೊಡ್ಡ ಆಸ್ಪತ್ರೆಯೊಂದರ ಲೆಕ್ಕವು ಪ್ರಕಟವಾದಾಗ, ಹೊತ್ತು ಮೀರಿದ ತಪ್ಪುಗಳನ್ನು ಬಿಟ್ಟು ಉಳಿದ ತಪ್ಪುಗಳು ನೂರಕ್ಕೆ ೧೧.೫ರಿಂದ ೬.೮ಕ್ಕೆ ಇಳಿದಿದ್ದುವು. ಆದರೆ ಪಟ್ಟಿಯು ಒದ್ದೆಯಾಗಿ ಓದಲು ಬಾರದೆ, ಅವಸರದಲ್ಲಿ ಸಹನೆ ಕೆಟ್ಟ ದಾದಿಯರು ರೋಗಿಗಳ ಗುರುತಿನ ಪಟ್ಟಿಗಳ ಪ್ರತಿಗಳನ್ನು ತಮ್ಮ ಬಳಿಯೇ ಇಟ್ಟುಕೊಂಡು ಓದಿಸತೊಡಗಿದುದೂ ಉಂಟು. ೨೦೦೮ರ ಒಂದು ಪರಿಶೀಲನೆಯಲ್ಲಿ ಇಂತಹ ಅಡ್ಡದಾರಿಗಳು ೧೫ ಬಗೆಯವು ಕಂಡುಬಂದುವು. ಅಡ್ಡದಾರಿ ಹಿಡಿದವರನ್ನು ಬೈಯುವುದು ಸುಲಭ. ನೇರದಾರಿಯಲ್ಲಿ ಅಷ್ಟು ಮುಳ್ಳುಗಳು ಏಕೆಂದು ನೋಡುವವರು ಕಡಮೆ.

ನಾವು ನಿಂತು ಯೋಚಿಸಬೇಕಾದ ಕಷ್ಟವೆಂದರೆ ಎಚ್ಚರಿಕೆಯ ಗಂಟೆಗಳದು. ತೀವ್ರನಿಗಾ ವಾರ್ಡಿಗೆ ಹೋದವರು ಕೇಳಿರಬಹುದು: ಒಂದು ಕಡೆ ಕೀ ಕೀ, ಇನ್ನೊಂದು ಕಡೆ ಟಿಣ್ ಟಿಣ್. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣವನ್ನು ಪರಿಶೀಲಿಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು ೨೦೧೩ರ ಏಪ್ರಿಲ್‌ನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಇಂತಹ ಸದ್ದುಗಳಲ್ಲಿ ನೂರಕ್ಕೆ ೮೫ರಿಂದ ೯೯ರಷ್ಟು, ದಾದಿಯು ಏನನ್ನೂ ಮಾಡಬೇಕಾಗಿಲ್ಲದ ಸದ್ದುಗಳೆಂದು ಅಂದಾಜು ಮಾಡಿತ್ತು. ಇದೇ ಸಂಸ್ಥೆಗೆ ಮೂರೂವರೆ ವರ್ಷಗಳಲ್ಲಿ ಬಂದ ೯೮ ವರದಿಗಳಲ್ಲಿ ೮೦ ಮರಣಗಳು. ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆಯೇ ಇಲ್ಲಿಯೂ. ಕೂಗುವುದು ಯಂತ್ರ, ಕುರಿ ಮಾತ್ರ ಮನುಷ್ಯ.

ಈ ತಪ್ಪನ್ನು ನಾವೂ ಮಾಡಿದ್ದೇವೆ, ಮರೆಮಾಚುವುದರಿಂದ ಪ್ರಯೋಜನವಿಲ್ಲ. ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ, ವೃದ್ಧರೊಬ್ಬರು ಬೆರಳಿನ ಕ್ಲಿಪ್ಪನ್ನು ಕಿತ್ತೆಸೆಯುತ್ತಿದ್ದರು. ಸಂಜೆಯಿಂದ ಹತ್ತು ಸಲ ಗಂಟೆಯಾಯಿತು. ಹತ್ತು ಸಲವೂ ಓಡಿಹೋಗಿ ಕ್ಲಿಪ್ಪನ್ನು ಸರಿಪಡಿಸಿದೆವು. ಹನ್ನೊಂದನೆಯ ಸಲ ನಮ್ಮ ಮೇಜಿನಿಂದಲೇ ಸದ್ದನ್ನು ಅಡಗಿಸಿದೆವು. ಸ್ವಲ್ಪ ಹೊತ್ತಿಗೆ ಅವರ ಮೊಮ್ಮಗಳು ಬಂದು, “ಸಿಸ್ಟರ್, ತಾತ ಮಾತಾಡ್ತಾ ಇಲ್ಲ” ಎಂದಳು. ಕ್ಲಿಪ್ಪು ಬೆರಳಿನಲ್ಲಿಯೇ ಇತ್ತು. ಕಳಚಿದ್ದುದು ಆಮ್ಲಜನಕದ ಕೊಳವೆ. ಅವರು ಬದುಕಿದರು, ಮರುದಿನ ಕಾಫಿಯನ್ನು ಕೇಳಿ ಕುಡಿದರು. ಆದರೆ ಆ ಮಗುವಿನ ದನಿಯನ್ನು ನಾವು ಇಂದಿಗೂ ಮರೆತಿಲ್ಲ.

ಈ ಕಷ್ಟಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಒಂದು ವಿಭಾಗದಲ್ಲಿ ದಾದಿಯರೇ ಕುಳಿತು, ಎಷ್ಟಕ್ಕೆ ಗಂಟೆಯಾಗಬೇಕೆಂಬ ಮಿತಿಗಳನ್ನು ತಿದ್ದಿ, ಅವುಗಳನ್ನು ರೋಗಿಗೆ ತಕ್ಕಂತೆ ಹೊಂದಿಸುವುದನ್ನು ಕಲಿತು, ತುರ್ತಿನ ಗಂಟೆಗಳನ್ನೇ ನೂರಕ್ಕೆ ೪೩ರಷ್ಟು ಕಡಮೆ ಮಾಡಿದರು. ೨೦೧೦ರಲ್ಲಿ ಅದು ಪ್ರಕಟವಾಯಿತು. ಕಾರ್ಖಾನೆಯವರು ಇಟ್ಟು ಕಳುಹಿಸಿದ ಮಿತಿಯೇ ವೇದವಾಕ್ಯವೆಂದು ಎಣಿಸದೆ, ಅದನ್ನು ತಿದ್ದುವ ಅಧಿಕಾರವೂ ತಿಳಿವಳಿಕೆಯೂ ದಾದಿಗೆ ಇದ್ದರೆ ಇಷ್ಟಾಗುತ್ತದೆ. ಸದ್ದನ್ನು ಅಡಗಿಸುವ ಗುಂಡಿಯನ್ನು ಒತ್ತುವುದಕ್ಕಿಂತ ಇದು ಬೇರೆಯ ಮಾತು.

ಬರವಣಿಗೆಯ ಹೊರೆಯನ್ನು ಕುರಿತು ಬರೆಯಲು ಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ಅಮೆರಿಕದ ೩೬ ಆಸ್ಪತ್ರೆಗಳಲ್ಲಿ ಗಡಿಯಾರವನ್ನು ಹಿಡಿದು ದಾದಿಯರ ಹೊತ್ತನ್ನು ಅಳೆದು ೨೦೦೮ರಲ್ಲಿ ಪ್ರಕಟಿಸಿದ ವರದಿಯಂತೆ, ಶುಶ್ರೂಷಾ ಕಾರ್ಯದ ಕಾಲದಲ್ಲಿ ನೂರಕ್ಕೆ ೩೫ ಪಾಲು ಬರವಣಿಗೆಗೂ, ರೋಗಿಯ ಆರೈಕೆಗೆ ೧೯ ಪಾಲೂ, ನಾಡಿ ಜ್ವರ ಮುಂತಾದವನ್ನು ನೋಡುವುದಕ್ಕೆ ೭ ಪಾಲೂ ಸಂದಿದ್ದುವು. ಕಂಪ್ಯೂಟರು ಈ ಹೊರೆಯನ್ನು ಇಳಿಸುವುದೆಂದು ಆಸೆಯಿತ್ತು. ಓದಲು ಬಾರದ ಬರಹಗಳು ಹೋದುವು, ಹಳೆಯ ಕಾಗದಗಳನ್ನು ಹುಡುಕುವ ಪಾಡು ತಪ್ಪಿತು ಎಂಬುದನ್ನು ಒಪ್ಪಲೇಬೇಕು. ಆದರೆ ನಮ್ಮಲ್ಲಿ ಎಷ್ಟೋ ಕಡೆ ಹೊಸದು ಬಂದರೂ ಹಳೆಯದು ಹೋಗಲಿಲ್ಲ. ಕೇಸ್ ಷೀಟಿನಲ್ಲಿ ಬರೆದುದನ್ನೇ ರಿಪೋರ್ಟ್ ಪುಸ್ತಕದಲ್ಲಿ ಬರೆದು, ಅದನ್ನೇ ಮತ್ತೆ ಕಂಪ್ಯೂಟರಿಗೆ ತುಂಬಬೇಕು. ಹಳ್ಳಿಯ ಆರೋಗ್ಯ ಸಹಾಯಕಿಯು ದಪ್ಪ ರಿಜಿಸ್ಟರನ್ನೂ ಟ್ಯಾಬ್ಲೆಟ್ಟನ್ನೂ ಒಂದೇ ಚೀಲದಲ್ಲಿ ಹೊರುತ್ತಾಳೆ. ನೈಟಿಂಗೇಲಳು ಕಾಲುಗಳಿಗಾಗಿ ಮರುಗಿದಳು. ಇಂದು ಬೆರಳುಗಳಿಗಾಗಿ ಮರುಗಬೇಕಾಗಿದೆ. ಯಾವ ಯಂತ್ರವನ್ನು ಕೊಂಡರೂ, ಅದು ಬಂದ ಮೇಲೆ ದಾದಿಯು ಯಾವ ಕೆಲಸವನ್ನು ಬಿಡಬಹುದೆಂಬುದನ್ನು ಕೊಳ್ಳುವ ಮುಂಚೆಯೇ ಆಡಳಿತದವರು ಬರೆದಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆ ಮಾತುಕತೆಗೆ ವಾರ್ಡಿನ ದಾದಿಯೊಬ್ಬಳನ್ನಾದರೂ ಕರೆಯುವುದು ಇನ್ನೂ ಯುಕ್ತ.

ಪ್ರಶ್ನೆ ಕೇಳಿದ ಆ ಬಾಲಕಿಯ ಹೆಸರನ್ನು ಕೇಳಿಕೊಳ್ಳಲು ನಾವು ಅಂದು ಮರೆತೆವು. ಈ ಪುಟಗಳು ಆಕೆಯ ಕಣ್ಣಿಗೆ ಬಿದ್ದರೆ ಇಷ್ಟನ್ನು ತಿಳಿಸಬೇಕಾಗಿದೆ. ಬೆಳಕನ್ನು ಕುರಿತ ಪಾಠವನ್ನೂ ದಶಮಾಂಶದ ಲೆಕ್ಕವನ್ನೂ ಪರೀಕ್ಷೆಗೆಂದು ಮಾತ್ರ ಓದಬಾರದು. ಮೇಲೆ ಹೇಳಿದ ಆಕ್ಸಿಮೀಟರೂ ಪಂಪೂ ಅವೇ. ನಮ್ಮ ದಾದಿಯರ ಶಾಲೆಯಲ್ಲಿ ಮೊದಲ ಕೆಲವು ವಾರಗಳು ಉಪಕರಣಗಳ ಕಪಾಟಿಗೆ ಬೀಗ. ವಿದ್ಯಾರ್ಥಿನಿಯರು ಇಬ್ಬಿಬ್ಬರಾಗಿ ಕುಳಿತು, ಒಬ್ಬಳ ಮಣಿಕಟ್ಟನ್ನು ಇನ್ನೊಬ್ಬಳು ಹಿಡಿದು, ಪೂರ್ತಿ ಒಂದು ನಿಮಿಷ ನಾಡಿಯನ್ನು ಎಣಿಸಬೇಕು. ಆ ಮೇಲೆ ಕೈಯನ್ನು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ಕುಳಿತು, ಮತ್ತೊಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಬೇಕು. ಉಸಿರನ್ನು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರಾದರೂ ಉಸಿರಾಟದ ಗತಿಯನ್ನು ತಮಗರಿಯದೆಯೇ ಬದಲಾಯಿಸುತ್ತಾರೆ. ಮೊದಲ ದಿನ ಎಲ್ಲರೂ ನಗುತ್ತಾರೆ. ಮೂರನೆಯ ದಿನದ ಹೊತ್ತಿಗೆ ಕೋಣೆಯು ನಿಶ್ಶಬ್ದವಾಗಿರುತ್ತದೆ. ಆ ಬಾಲಕಿಯು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಂಡು ಬರಲಿ. ಸೆಕೆಂಡಿನ ಮುಳ್ಳಿರುವ ಕೈಗಡಿಯಾರವೊಂದನ್ನು ಕೊಡಿಸುವಂತೆ ಸೋದರಮಾವನವರನ್ನು ಈಗಲೇ ಕೇಳಿಕೊಳ್ಳಲಿ.